ಮೇಲೊಂದು, ಕೆಳಗೊಂದು

ವಾಲ್ಪರೈಸೊ ಬಂದರಿನ ಗುಡ್ಡಕ್ಕೆ
ಇಪ್ಪತ್ತೊಂದು ವರ್ಷದಿಂದ ಜನರನ್ನು ಏರಿಸಿ ಇಳಿಸುತ್ತಿದ್ದೇನೆ.
ಒಂದೇ ಉಕ್ಕಿನ ಹಗ್ಗಕ್ಕೆ ಎರಡು ಡಬ್ಬಿ,
ಒಂದು ಏರಬೇಕಾದರೆ ಇನ್ನೊಂದು ಇಳಿಯಬೇಕು.
ನಡುದಾರಿಯಲ್ಲಿ ಒಂದು ಕ್ಷಣ
ಕಿಟಕಿಗೆ ಕಿಟಕಿ ತಾಗಿತೇನೋ ಅನ್ನುವಷ್ಟು ಹತ್ತಿರ.

ಹಾಗೆ ಬಂದವಳು ಇಸ್ಮೇನಿಯಾ,
ಪಿಯಾನೊಗಳ ಶ್ರುತಿ ಕೂಡಿಸುವವಳು.
ಚೀಲದ ತುಂಬ ಪುಟ್ಟ ಸುತ್ತಿಗೆ, ಉಣ್ಣೆಯ ಚೂರು.
ಚೀಟಿಗೆ ಚಿಲ್ಲರೆ ಇರಲಿಲ್ಲ.
ಸಂಜೆ ಕೊಡುತ್ತೇನೆ ಅಂದಳು. ಕೊಟ್ಟಳು.

ಎಲ್ಲ ಕ್ರಮವಾಗಿಯೇ ನಡೆಯಿತು, ದೇವರಾಣೆ.
ಪೊಟ್ಟಣ ಅವಳೇ ಬಿಡಿಸಿದಳು,
ಹಲ್ಲಿನಲ್ಲಲ್ಲ, ಬೆರಳಿನಲ್ಲಿ, ತಾರೀಖು ಓದಿ.
ಕಾಂಡೋಮ್ ಹರಿಯಲಿಲ್ಲ, ಜಾರಲಿಲ್ಲ,
ನಡುವೆ ಒಮ್ಮೆ ಇಬ್ಬರೂ ನಕ್ಕೆವು, ಯಾಕೆಂದು ಮರೆತಿದೆ.
ಬೆಳಗ್ಗೆ ಬ್ರೆಡ್ಡಿಗೆ ಬೆಣ್ಣೆಹಣ್ಣು ಸವರಿ ಕೊಟ್ಟೆ.

ಮೂರನೆಯ ದಿನ ಬಸ್ಸಿನಲ್ಲಿ ಇಬ್ಬರು ಹುಡುಗರು
ಯಾರದೋ ಹೆಸರಿಗೆ ಹರ್ಪಿಸ್ ಅಂಟಿಸಿ ಕಿಸಿಯುತ್ತಿದ್ದರು.
ಅಷ್ಟೇ. ಎದೆಯಲ್ಲಿ ಅವಲಕ್ಕಿ ಕುಟ್ಟತೊಡಗಿತು.

ಬಚ್ಚಲ ಚಿಲಕ ಹಾಕಿ, ಒಂದು ಕಾಲು ಬಕೆಟ್ಟಿನ ಮೇಲಿಟ್ಟು,
ಯಂತ್ರಕ್ಕೆ ಎಣ್ಣೆ ಬಿಡುವ ಟಾರ್ಚು ಬಾಯಲ್ಲಿ ಕಚ್ಚಿ
ನನ್ನನ್ನು ನಾನೇ ತನಿಖೆ ಮಾಡಿದೆ.
ಒಂದು ಕೆಂಪು ಚುಕ್ಕೆ.
ಕೂದಲ ಬುಡವೋ, ಚಡ್ಡಿಯ ಹೊಲಿಗೆ ಉಜ್ಜಿದ್ದೋ?
ಮರುದಿನ ಅದಿಲ್ಲ. ಇಲ್ಲದ್ದಕ್ಕೂ ಹೆದರಿದೆ.
ನಲವತ್ತಮೂರು ವರ್ಷ ಇಷ್ಟು ಹತ್ತಿರದಿಂದ
ನನ್ನ ತೊಡೆಯನ್ನು ನಾನು ನೋಡಿಯೇ ಇರಲಿಲ್ಲ.

ಮತ್ತೆ ಅವಳ ಲೆಕ್ಕ ಶುರು ಮಾಡಿದೆ, ನಾಚಿಕೆಗೇಡು:
ಎಷ್ಟು ಮನೆಗಳ ಪಿಯಾನೊ,
ಎಷ್ಟು ಮನೆಗಳಲ್ಲಿ ಕಾಫಿ, ಯಾರು ಬಾಗಿಲು ತೆರೆದವರು.
ಅವಳ ಫೋನು ಎರಡು ಸಲ ಬಂತು, ಎತ್ತಲಿಲ್ಲ.

ಆರೋಗ್ಯ ಕೇಂದ್ರದಲ್ಲಿ ಈ ವಿಚಾರಕ್ಕೂ ಸೂಲಗಿತ್ತಿಯರೇ.
ತುಂಬು ಬಸುರಿಯರ ಸಾಲಿನಲ್ಲಿ ನಾನೊಬ್ಬ ಕೂತೆ.
“ಎಲಿಯೆಸೆರ್!” ಎಂದು ಕೂಗಿದ್ದು
ಬಂದರಿನ ಹಡಗುಗಳಿಗೂ ಕೇಳಿಸಿರಬೇಕು.

ಒತಿಲಿಯಾ ಕನ್ನಡಕ ಒರೆಸುತ್ತ ಹೇಳಿದಳು:
“ಹುಣ್ಣಿದ್ದರೆ ಹತ್ತಿಕಡ್ಡಿಯಲ್ಲಿ ಒರೆಸಿ ನೋಡಬಹುದು.
ನಿಮಗೆ ಹುಣ್ಣಿಲ್ಲ.
ರಕ್ತವನ್ನು ಇವತ್ತು ಕೇಳಿದರೆ ಹಳೆಯ ಕತೆ ಹೇಳೀತು,
ಮೊನ್ನೆಯದ್ದು ಹೇಳಲು ಹನ್ನೆರಡು ವಾರ ಬೇಕು,
ಆಗಲೂ ಪೂರ್ತಿ ನಂಬುವಂತಿಲ್ಲ.
ಬೇರೆ ಪರೀಕ್ಷೆಗಳಿಗೆ ತೋಳು ಕೊಡಿ.
ರಬ್ಬರು ಮುಚ್ಚಿದಷ್ಟು ಕಾಯುತ್ತದೆ. ಅದು ಸಣ್ಣದಲ್ಲ.
ಉಳಿದದ್ದು ಚರ್ಮ, ಚರ್ಮ ಚರ್ಮವನ್ನು ಮುಟ್ಟುತ್ತದೆ.”

ಸೂಜಿ ಎಳೆಯುವಾಗ ಸುಮ್ಮನೆ ಕೇಳಿದಳು,
“ಚಳಿಗಾಲದಲ್ಲಿ ತುಟಿಯ ಮೇಲೆ ಗುಳ್ಳೆ ಏಳುತ್ತದೆಯೇ?”

ಏಳುತ್ತದೆ. ಆರನೇ ವಯಸ್ಸಿನಿಂದ.
ಅಜ್ಜಿ ಅದನ್ನು ಜ್ವರದ ಗುಳ್ಳೆ ಅನ್ನುತ್ತಿದ್ದಳು,
ಅವಳಿಗೂ ಇತ್ತು,
ಆ ಬಾಯಿಂದಲೇ ದಿನಾ ಮುತ್ತು ಕೊಡುತ್ತಿದ್ದಳು.

“ಅದೂ ಅದೇ ಮನೆತನದ್ದು,” ಅಂದಳು ಒತಿಲಿಯಾ,
“ಬಾಯಿಂದ ಕೆಳಗೂ ಇಳಿಯುತ್ತದೆ.
ಊರಿನ ಅರ್ಧ ಜನರ ಹತ್ತಿರ ಇದ್ದೀತು. ಸಾಯುವಂಥದ್ದಲ್ಲ.
ಆದರೆ ಹೇಳಬೇಕಾದ ಮಾತು.”

ಕುಂಬಳಕಾಯಿ ಕಳ್ಳ ಅಂದಾಗಿನಿಂದ
ಅವಳ ಹೆಗಲನ್ನೇ ನೋಡುತ್ತಿದ್ದೆನಲ್ಲ,
ಬೂದಿ ನನ್ನ ಹೆಗಲಿನಲ್ಲಿ.
ಆ ರಾತ್ರಿ ತುಟಿಯಂಚು ಚುರುಗುಟ್ಟಿತ್ತೇ?
ನೆನಪಿಲ್ಲ. ನೆನಪಿರುವುದು,
ನಾನು ಮುತ್ತಿಟ್ಟ ಕಡೆಯೆಲ್ಲ ರಬ್ಬರು ಇರಲಿಲ್ಲ.

ಈಗ ಯಾವುದೋ ಬಚ್ಚಲಿನಲ್ಲಿ
ಅವಳೂ ಟಾರ್ಚು ಕಚ್ಚಿ ನಿಂತಿರಬಹುದು.

ಫೋನು ಮಾಡಿದೆ. ಬರುತ್ತೇನೆ ಅಂದಳು, ಧ್ವನಿ ಬಿಗಿ.
ಕೆಳಗಿನ ಡಬ್ಬಿ ಹತ್ತಿದ್ದು ಕನ್ನಡಿಯಲ್ಲಿ ಕಾಣುತ್ತಿದೆ,
ಈ ಸಲ ಚಿಲ್ಲರೆ ಕೈಯಲ್ಲೇ ಹಿಡಿದಿದ್ದಾಳೆ.
ಮೇಲಿನದ್ದು ಖಾಲಿ. ಗಂಟೆ ಬಾರಿಸಿ ಹಿಡಿಕೆ ತಿರುಗಿಸಿದೆ.
ಮೇಲೆ ತಲುಪಲು ಎಂಬತ್ತು ಸೆಕೆಂಡು.
ಮೊದಲ ಪದ ಇನ್ನೂ ಸಿಕ್ಕಿಲ್ಲ,
ಬ್ರೇಕು ಒಂದಿಷ್ಟು ಅದುಮಿದ್ದೇನೆ.